ಆರನೇ ಗಾಡಿಯ ಚುಕ್ಕಿ

ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ಆಂಬುಲೆನ್ಸ್ ನಿಯಂತ್ರಣ ಕೊಠಡಿಯ ಮೇಲ್ವಿಚಾರಕ ಠಾಣೆಗೆ ಬಂದು ಎರಡು ಪುಟದ ದೂರನ್ನೂ ಒಂದು ಬಣ್ಣದ ನಕ್ಷೆಯನ್ನೂ ಇನ್ಸ್‌ಪೆಕ್ಟರ್ ಮೇಜಿನ ಮೇಲಿಟ್ಟ. ಆರನೇ ಗಾಡಿಯ ಚಾಲಕ ಹನ್ನೊಂದು ದಿನಗಳಿಂದ ತನ್ನ ಸ್ಟ್ಯಾಂಡ್ ಬಿಟ್ಟು ಸಿನಿಮಾ ಮಂದಿರದ ಹತ್ತಿರ ಗಾಡಿ ಹಾಕಿಕೊಂಡು ಕೂತಿರುತ್ತಾನೆ, ಕೇಳಿದರೆ ಇಲ್ಲವೆಂದು ಸಾಧಿಸುತ್ತಾನೆ, ಜಿಪಿಎಸ್ ಪೆಟ್ಟಿಗೆಗೂ ಕೈಹಾಕಿರಬಹುದು ಎಂಬುದು ದೂರಿನ ಸಾರ.

ನಕ್ಷೆಯಲ್ಲಿ ಹಿಟ್ಟಿನ ಗಿರಣಿಯ ಪಕ್ಕದ ಸ್ಟ್ಯಾಂಡಿನ ಸುತ್ತ ಮುನ್ನೂರು ಮೀಟರ್ ತ್ರಿಜ್ಯದ ಹಸಿರು ವೃತ್ತವಿತ್ತು. ಆರನೇ ಗಾಡಿಯ ಕೆಂಪು ಚುಕ್ಕಿ ಅದರಿಂದ ಬಹಳ ಹೊರಗೆ, ದಕ್ಷಿಣಕ್ಕೆ, ಸಿನಿಮಾ ಮಂದಿರದ ನೆತ್ತಿಯ ಮೇಲೆ ಕೂತಿತ್ತು. ಗಾಡಿ ವೃತ್ತ ದಾಟಿದರೆ ಡ್ಯಾಶ್‌ಬೋರ್ಡ್ ತಾನಾಗಿ ಎಚ್ಚರಿಸುವ ಏರ್ಪಾಡು ಫೆಬ್ರವರಿ 28ರಿಂದ ಜಾರಿಗೆ ಬಂದಿದೆಯೆಂದೂ ಅಂದಿನಿಂದ ಈ ಒಂದೇ ಗಾಡಿ ದಿನವೂ ಕೆಂಪಾಗುತ್ತಿದೆಯೆಂದೂ ಮೇಲ್ವಿಚಾರಕ ವಿವರಿಸಿದ. ಚಾಲಕನಿಗೆ ನೋಟಿಸ್ ಕೊಟ್ಟಾಗಿತ್ತು. ಶುಕ್ರವಾರ ವಿಚಾರಣೆ. ಕೆಲಸ ಹೋಗುವುದು ಹೆಚ್ಚುಕಡಿಮೆ ಖಂಡಿತ.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ 12ಕ್ಕೆ ಚಾಲಕ ಬಂದ. ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿದ ಮನುಷ್ಯ. ನೋಟಿಸನ್ನು ಎಂಟು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ.

"ಸ್ಟ್ಯಾಂಡ್ ಬಿಟ್ಟು ಹೋಗಿದ್ರಾ?"

"ಕರೆ ಬಂದಾಗ ಬಿಟ್ರೆ ಇಲ್ಲ ಮೇಡಂ."

"ಸಿನಿಮಾ ಮಂದಿರಕ್ಕೆ?"

"ಅಲ್ಲಿ ಒಂದೇ ಸಿನಿಮಾ ಓಡ್ತಿದೆ. ಹನ್ನೊಂದು ದಿನ ಅದನ್ನೇ ನೋಡೋಕೆ ನನಗೇನು ತಲೆ ಕೆಟ್ಟಿದೆಯಾ? ಒಂದು ದಿನ ನೋಡಿದವರೇ ಎದ್ದು ಬರ್ತಿದಾರೆ."

ಮೂಲೆಯಲ್ಲಿ ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ನಗು ನುಂಗಿಕೊಂಡ. ಅವನನ್ನು ಠಾಣೆಯಲ್ಲಿ ಎಲ್ಲರೂ ಟೇಪಣ್ಣ ಅನ್ನುತ್ತಿದ್ದರು. ಪಂಚನಾಮೆಗೆ ಹೋದಲ್ಲೆಲ್ಲ ಸ್ವಂತ ಟೇಪಿನಲ್ಲಿ ಅಳೆಯದೆ ಒಂದು ಗೆರೆಯನ್ನೂ ಬರೆಯದ ಆಸಾಮಿ.

ಮಧ್ಯಾಹ್ನ 3 ಗಂಟೆಗೆ ಸ್ಟ್ಯಾಂಡಿನಲ್ಲಿ ಪಂಚನಾಮೆ ನಡೆಯಿತು. ಗಾಡಿಯ ಜಿಪಿಎಸ್ ಪೆಟ್ಟಿಗೆಯ ನಾಲ್ಕೂ ಸ್ಕ್ರೂಗಳ ಮೇಲೆ ಕಂಪನಿಯ ಅರಗಿನ ಮುದ್ರೆ ಒಡೆಯದೆ ಇತ್ತು. ಧೂಳಿನ ಪದರವೂ ಕದಲಿರಲಿಲ್ಲ. ಪೆಟ್ಟಿಗೆ ಗಾಡಿ ಬಿಟ್ಟು ಎಲ್ಲಿಗೂ ಹೋಗಿಲ್ಲ. ಹಾಗಾದರೆ ಗಾಡಿ?

ಇದಕ್ಕೆ ಉತ್ತರ ಕೊಟ್ಟವನು ಬಣ್ಣ ಬಳಿಯುವವನೊಬ್ಬ. ಮಾರ್ಚ್ 3ರಂದು ಗಿರಣಿಯ ಹಿಂದಿನ ಬೀದಿಯಲ್ಲಿ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಅವನನ್ನು ಒಯ್ದದ್ದು ಆರನೇ ಗಾಡಿಯಲ್ಲ, ಒಂಬೈನೂರು ಮೀಟರ್ ದೂರದಿಂದ ಬಂದ ಎರಡನೇ ಗಾಡಿ. ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಕೂತಿದ್ದ ಅವನಿಗೆ ಇನ್ನೂ ಸಿಟ್ಟು ಇಳಿದಿರಲಿಲ್ಲ.

"ಬೀದಿ ತುದೀಲಿ ಆಂಬುಲೆನ್ಸ್ ನಿಂತಿತ್ತು ಮೇಡಂ. ನಂಬರ್ ಆರು. ಒಳಗೆ ಡ್ರೈವರ್ರೂ ಇದ್ದ. ಒಂಬತ್ತು ನಿಮಿಷ ಅದನ್ನೇ ನೋಡ್ತಾ ಒದ್ದಾಡಿದೀನಿ. ಅದು ಅಲ್ಲಾಡ್ಲಿಲ್ಲ."

ಆ ಒಂಬತ್ತು ನಿಮಿಷವೂ ಡ್ಯಾಶ್‌ಬೋರ್ಡ್ ಅದೇ ಗಾಡಿಯನ್ನು ಸಿನಿಮಾ ಮಂದಿರದ ಮೇಲೆ ತೋರಿಸಿತ್ತು. ಚಾಲಕನಿಗೆ ಕರೆಯೇ ಹೋಗಿರಲಿಲ್ಲ. ಸುಳ್ಳು ಹೇಳುತ್ತಿದ್ದದ್ದು ನಕ್ಷೆ.

ಮಾರ್ಚ್ 12, ಬುಧವಾರ, ಬೆಳಿಗ್ಗೆ 9.30. ನಿಯಂತ್ರಣ ಕೊಠಡಿಯಲ್ಲಿ ಗೋಡೆಯಗಲದ ಪರದೆಯೆದುರು ಮೂವರು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ಮೂರನೇ ಸೀಟಿನ ಹೆಂಗಸಿಗೆ ಅಲ್ಲಿನವರು ಇಟ್ಟ ಹೆಸರು ನಕ್ಷೆ ಅಕ್ಕ. ನಗರದ ಯಾವ ಗಲ್ಲಿ ಎಲ್ಲಿ ಮುಗಿಯುತ್ತದೆ ಎಂದು ಪರದೆ ನೋಡದೆ ಹೇಳಬಲ್ಲವಳು. ಹೊಸಬರಿಗೆ ಕೆಲಸ ಕಲಿಸಿದವಳೂ ಅವಳೇ.

ಇನ್ಸ್‌ಪೆಕ್ಟರ್ ಒಂದು ದಿನದಲ್ಲಿ ಆರನೇ ಗಾಡಿ ಓಡಾಡಿದ ಜಾಡನ್ನು ತೋರಿಸಲು ಹೇಳಿದಳು. ನೀಲಿ ಗೆರೆ ಮೂಡಿತು. ಅದು ರಸ್ತೆಯ ಮೇಲಿರಲಿಲ್ಲ. ಮನೆಗಳ ಗೋಡೆ ತೂರಿಕೊಂಡು, ಶಾಲೆಯ ಛಾವಣಿ ದಾಟಿ, ಒಂದು ಈಜುಕೊಳದ ಮೇಲೆ ಹಾದು ಹೋಗಿತ್ತು. ಆದರೆ ಅದರ ತಿರುವುಗಳೆಲ್ಲ ಸ್ವಲ್ಪ ಉತ್ತರಕ್ಕಿರುವ ರಸ್ತೆಗಳ ತಿರುವುಗಳೇ. ಇನ್ಸ್‌ಪೆಕ್ಟರ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ್ದಳು. ಪೆಟ್ಟಿಗೆ ಕೆಟ್ಟಿದ್ದರೆ ಚುಕ್ಕಿಗಳು ಕಂಡಕಂಡಲ್ಲಿ ಚೆದುರುತ್ತಿದ್ದವು. ಇಲ್ಲಿ ಇಡೀ ಜಾಡು ಆಕಾರ ಕೆಡದೆ ಒಂದೇ ದಿಕ್ಕಿಗೆ ಒಂದೇ ಅಳತೆ ಜರುಗಿತ್ತು. ಯಾರೋ ಒಂದು ಸಂಖ್ಯೆಯನ್ನು ಕಳೆದಿದ್ದಾರೆ.

ಪ್ರತಿ ಗಾಡಿಗೂ ಒಂದು ತಿದ್ದುಪಡಿ ಪುಟವಿತ್ತು. ಪೆಟ್ಟಿಗೆ ನಾಲ್ಕೈದು ಮೀಟರ್ ಆಚೀಚೆ ತೋರಿಸಿದರೆ ಸರಿಮಾಡುವುದಕ್ಕೆಂದು ಇಟ್ಟದ್ದು. ಆರನೇ ಗಾಡಿಯ ಪುಟದಲ್ಲಿ ಅಕ್ಷಾಂಶದ ಎದುರು 0.0085 ಡಿಗ್ರಿ ಕಡಿಮೆ ಎಂದಿತ್ತು. ಅಕ್ಷಾಂಶದ ಒಂದು ಡಿಗ್ರಿ ಸುಮಾರು ನೂರಹನ್ನೊಂದು ಕಿಲೋಮೀಟರ್. ಟೇಪಣ್ಣ ಅಂಗೈ ಮೇಲೆ ಲೆಕ್ಕ ಹಾಕಿದ: ಒಂಬೈನೂರ ನಲವತ್ತು ಮೀಟರಿನ ಮೇಲೆ ಸ್ವಲ್ಪ. ಸ್ಟ್ಯಾಂಡಿನಿಂದ ಸಿನಿಮಾ ಮಂದಿರಕ್ಕೆ ಸರಿಯಾಗಿ ಅಷ್ಟೇ.

ತಿದ್ದಿದ್ದು ಫೆಬ್ರವರಿ 19, ಮಧ್ಯಾಹ್ನ 12.40ಕ್ಕೆ, ಮೇಲ್ವಿಚಾರಕನ ಪಾಸ್‌ವರ್ಡ್‌ನಿಂದ. ಆ ಹೊತ್ತಿನಲ್ಲಿ ತಾನು ಊಟಕ್ಕೆ ಹೋಗಿರುತ್ತೇನೆ, ಕೊಠಡಿಯವರನ್ನೆಲ್ಲ ಕೇಳಿ ಎಂದ ಮೇಲ್ವಿಚಾರಕ. ಪಾಸ್‌ವರ್ಡ್ ಎಲ್ಲಿ ಬರೆದಿಟ್ಟಿದ್ದೀರಿ ಎಂದು ಕೇಳಿದ್ದಕ್ಕೆ ಗೋಡೆಯ ಕ್ಯಾಲೆಂಡರ್ ತಿರುಗಿಸಿ ಹಿಂಬದಿ ತೋರಿಸಿದ.

ಯಾರು ಎನ್ನುವುದಕ್ಕಿಂತ ಮೊದಲು ಯಾಕೆ ಎಂದು ತಿಳಿಯಬೇಕಿತ್ತು. ಚುಕ್ಕಿ ಜರುಗಿದ್ದರಿಂದ ಯಾರಿಗೆ ಏನು ಬದಲಾಯಿತು? ಕರೆ ಬಂದಾಗ ಅತಿ ಹತ್ತಿರದ ಗಾಡಿಯನ್ನು ಡ್ಯಾಶ್‌ಬೋರ್ಡ್ ತಾನೇ ಆರಿಸುತ್ತಿತ್ತು, ಎರಡು ಚುಕ್ಕಿಗಳ ನಡುವೆ ನೇರ ಗೆರೆ ಎಳೆದು. ಗಿರಣಿಯ ಉತ್ತರಕ್ಕೆ ಗೂಡ್ಸ್ ಯಾರ್ಡ್. ಏಳು ಹಳಿ, ಅಲ್ಲಿ ದಾಟಲು ಕಾಲುಸೇತುವೆ ಮಾತ್ರ. ಯಾರ್ಡಿನ ಆಚೆಯ ಬಡಾವಣೆಯ ಕರೆಗಳಿಗೆ ಫೆಬ್ರವರಿ 19ರವರೆಗೆ ಹೋಗುತ್ತಿದ್ದದ್ದು ಆರನೇ ಗಾಡಿ. ಆಮೇಲೆ, ಬಡಾವಣೆಯ ಬದಿಯಲ್ಲೇ ಒಂದೂವರೆ ಕಿಲೋಮೀಟರ್ ದೂರ ನಿಲ್ಲುವ ನಾಲ್ಕನೆಯದು. ಹಳೆಯ ಕರೆಗಳಲ್ಲಿ ಒಂದರ ಮುಂದೆ ಸಾವು ಎಂದು ಬರೆದಿತ್ತು. ಜನವರಿ 21, ಮಧ್ಯಾಹ್ನ 2.05. ಗಾಡಿ ತಲುಪಲು ಹಿಡಿದದ್ದು 34 ನಿಮಿಷ. ಕರೆ ತೆಗೆದುಕೊಂಡದ್ದು ಮೂರನೇ ಸೀಟು.

ಇನ್ಸ್‌ಪೆಕ್ಟರ್ ಆ ಕರೆಯ ಧ್ವನಿಮುದ್ರಣವನ್ನು ಮೇಲ್ವಿಚಾರಕನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೇಳಿದಳು. ಗಂಡಸೊಬ್ಬ ಹೆಂಡತಿಗೆ ಎದೆನೋವು ಅನ್ನುತ್ತಿದ್ದ. ಪಕ್ಕದ ಮನೆಯವರ ವ್ಯಾನ್ ಬಂದಿದೆ, ಹತ್ತಿಸಿಕೊಂಡು ಹೋಗಿಬಿಡಲಾ ಎಂದು ಕೇಳುತ್ತಿದ್ದ. ನಕ್ಷೆ ಅಕ್ಕನ ಧ್ವನಿ ಅವಸರದಲ್ಲಿತ್ತು.

"ಬೇಡ ಭಾವ. ವ್ಯಾನಲ್ಲಿ ಆಕ್ಸಿಜನ್ ಇರಲ್ಲ. ನಮ್ಮ ಗಾಡಿ ನಿಮ್ಮ ಪಕ್ಕದಲ್ಲೇ ಇದೆ, ನನಗೆ ಕಾಣ್ತಿದೆ. ಬಂದೇಬಿಡುತ್ತೆ. ಅಕ್ಕನ್ನ ಅಲ್ಲಾಡಿಸಬೇಡಿ."

ಟೇಪಣ್ಣ ಪೆನ್ನು ಕೆಳಗಿಟ್ಟ.

ಸಂಜೆ ಅವರು ಕಾಲುಸೇತುವೆ ದಾಟಿ ಆ ಭಾವನ ಮನೆಗೆ ಹೋದರು. ಅವನು ದರ್ಜಿ. ತಾಯಿಯಿಲ್ಲದ ಈ ತಂಗಿಯನ್ನು ಸಾಕಿ ಓದಿಸಿದ್ದು ತನ್ನ ಹೆಂಡತಿಯೇ ಎಂದು ಹೇಳಿ, ಹೊಲಿಗೆ ಯಂತ್ರದ ಚಕ್ರವನ್ನು ಸುಮ್ಮನೆ ತಿರುಗಿಸಿದ. "ಅವಳ ಮೇಲೆ ನನಗೇನೂ ಇಲ್ಲ ಮೇಡಂ. ಎರಡು ಸಲ ಹೇಳಿಕಳಿಸಿದೆ, ಊಟಕ್ಕೆ ಬಾರಮ್ಮ ಅಂತ. ಈ ಮನೆ ಮೆಟ್ಲು ಹತ್ತೋದೇ ಬಿಟ್ಟಿದಾಳೆ."

ಮಾರ್ಚ್ 13, ಗುರುವಾರ, ಮಧ್ಯಾಹ್ನ 3.15. ಇನ್ಸ್‌ಪೆಕ್ಟರ್ ನಕ್ಷೆ ಅಕ್ಕನನ್ನು ಕೊಠಡಿಯ ಹಿಂದಿನ ಚಹಾ ಕೋಣೆಗೆ ಕರೆದಳು. 0.0085 ಎಂದು ಬರೆದ ಚೀಟಿಯನ್ನು ಮೇಜಿನ ಮೇಲಿಟ್ಟಳು. ಅವಳು ಅದನ್ನು ನೋಡಿ ಅಲ್ಲಗಳೆಯಲಿಲ್ಲ.

"ಇಷ್ಟೇ ಯಾಕೆ?"

"ಇಷ್ಟು ಸಾಕಿತ್ತು ಮೇಡಂ. ಯಾರ್ಡ್ ಆಚೆಯ ಕೊನೇ ಮನೆವರೆಗೂ ನಾಲ್ಕನೇ ಗಾಡಿಗೆ ಹೋಗೋಕೆ. ಮೂರು ದಿನ ಲೆಕ್ಕ ಹಾಕ್ದೆ."

"ಮೇಲಿನವರಿಗೆ ಹೇಳಬಹುದಿತ್ತು."

ಅವಳು ಚೀಲದಿಂದ ಎರಡು ಪ್ರತಿಗಳನ್ನು ತೆಗೆದಳು. ಜನವರಿ 27ರದು ಒಂದು, ಫೆಬ್ರವರಿ 10ರದು ಇನ್ನೊಂದು. ದೂರವನ್ನು ರಸ್ತೆಯ ಮೇಲೆ ಅಳೆಯಬೇಕೆಂಬ ಕೋರಿಕೆ. ಎರಡರ ಮೇಲೂ ಮೇಲ್ವಿಚಾರಕನ ಕೈಬರಹ: ವ್ಯವಸ್ಥೆ ಸರಿಯಾಗಿದೆ.

"ಬಣ್ಣ ಬಳಿಯೋನ ವಿಷಯ ಗೊತ್ತಾ?"

"ಆ ಕರೆ ತಗೊಂಡಿದ್ದೂ ನಾನೇ."

"ಡ್ರೈವರ್ ನೋಟಿಸು?"

ವೃತ್ತದ ಏರ್ಪಾಡು ಬರುತ್ತದೆಂದು ತನಗೆ ಗೊತ್ತಿರಲಿಲ್ಲ ಎಂದಳು. ಅವನ ಗಾಡಿ ಕೆಂಪಾದಾಗಲೆಲ್ಲ ಎದ್ದುಹೋಗಿ ಹೇಳಿಬಿಡೋಣ ಅನ್ನಿಸಿ, ಕುರ್ಚಿ ಹಿಂದಕ್ಕೆ ಸರಿಸಿ, ಮತ್ತೆ ಕೂತಿದ್ದಳು.

"ಹೇಳಿದ್ರೆ ಆ ಚುಕ್ಕಿ ಮತ್ತೆ ಹಳೇ ಜಾಗಕ್ಕೆ ಹೋಗುತ್ತಲ್ಲ ಮೇಡಂ. ಹತ್ತೊಂಬತ್ತರಿಂದ ಈಚೆಗೆ ಆ ಕಡೆಯಿಂದ ಐದು ಕರೆ ಬಂದಿವೆ. ಯಾವುದೂ ಹನ್ನೆರಡು ನಿಮಿಷ ದಾಟ್ಲಿಲ್ಲ. ನಾಳೆ ಅವನ ವಿಚಾರಣೆಗೆ ಹೋಗಿ ಹೇಳ್ತಿದ್ದೆ. ಹೇಳ್ತಿದ್ದೆ ಅಂತ ನನಗೆ ನಾನೇ ಹೇಳ್ಕೊಂಡಿದ್ದೆ."

ಸಾರ್ವಜನಿಕ ಸೇವೆಯ ಮಾಹಿತಿಯನ್ನು ಅಧಿಕಾರವಿಲ್ಲದೆ ತಿದ್ದಿದ ಆರೋಪದ ಮೇಲೆ, ಮಹಿಳಾ ಕಾನ್‌ಸ್ಟೇಬಲ್ ಸಮಕ್ಷಮದಲ್ಲಿ, ಸಂಜೆ 4.50ಕ್ಕೆ ಅವಳನ್ನು ದಸ್ತಗಿರಿ ಮಾಡಲಾಯಿತು. ಹೋಗುವ ಮೊದಲು ಅವಳು ಹೆಡ್‌ಫೋನನ್ನು ಒರೆಸಿ ಮುಂದಿನ ಪಾಳಿಯವಳ ಕೈಗೆ ಕೊಟ್ಟಳು. ಮೇಲ್ವಿಚಾರಕ ತಿದ್ದುಪಡಿಯನ್ನು ಸೊನ್ನೆ ಮಾಡಿದ. ಚುಕ್ಕಿ ಸಿನಿಮಾ ಮಂದಿರ ಬಿಟ್ಟು ಗಿರಣಿಯ ಪಕ್ಕಕ್ಕೆ ಬಂದು ಹಸಿರಾಯಿತು. ಚಾಲಕನ ನೋಟಿಸ್ ಅಂದೇ ವಾಪಸಾಯಿತು.

ಎರಡು ಕೋರಿಕೆ ಪತ್ರಗಳನ್ನೂ ಇನ್ಸ್‌ಪೆಕ್ಟರ್ ಕಡತಕ್ಕೆ ಸೇರಿಸಿದಳು. ಜೊತೆಗೆ ಒಂದು ಅಳತೆಯ ಪಂಚನಾಮೆಯೂ ಬೇಕೆಂದಳು. ಶುಕ್ರವಾರ ಬೆಳಿಗ್ಗೆ 11ಕ್ಕೆ ಟೇಪಣ್ಣ ಟೇಪನ್ನು ಠಾಣೆಯಲ್ಲೇ ಬಿಟ್ಟು ಆರನೇ ಗಾಡಿ ಹತ್ತಿದ. ಚಾಲಕ ಯಾರ್ಡನ್ನು ಸುತ್ತಿಕೊಂಡು ಹೋಗಿ ಗಾಡಿಯನ್ನು ಮೇಲ್ಸೇತುವೆಗೆ ಏರಿಸಿದ. ಮೇಲೆ ಗಾಡಿಗಳ ಸಾಲಿನಲ್ಲಿ ನಿಂತಾಗ ಯಾರ್ಡಿನ ಆಚೆಗೆ ಕೈ ತೋರಿಸಿದ.

"ಅವತ್ತೂ ಇಲ್ಲೇ ಸಿಕ್ಕಿಹಾಕ್ಕೊಂಡೆ ಟೇಪಣ್ಣ. ಆ ಮನೆ ಕಾಣ್ತಿತ್ತು."

ದರ್ಜಿಯ ಬಾಗಿಲಲ್ಲಿ ಗಾಡಿ ನಿಂತಿತು. ಟೇಪಣ್ಣ ಮೀಟರ್ ಓದಿ, ಚಾಲಕನಿಂದಲೂ ಓದಿಸಿ, ಇಬ್ಬರ ಸಹಿಯೊಂದಿಗೆ ಬರೆದ. ಸ್ಟ್ಯಾಂಡಿನಿಂದ ಈ ಮನೆಗೆ ನಕ್ಷೆಯ ನೇರ ಗೆರೆಯಲ್ಲಿ 610 ಮೀಟರ್. ರಸ್ತೆಯಲ್ಲಿ 8.3 ಕಿಲೋಮೀಟರ್.