ಹತ್ತು ಗರಿಯ ಪತಂಗ

ಬಹಳ ಹಿಂದೆ, ಹುಲ್ಲು ಮನುಷ್ಯರಿಗಿಂತ ಎತ್ತರ ಬೆಳೆಯುತ್ತಿದ್ದ ಕಾಲದಲ್ಲಿ, ಸೋಗೆಪುರವೆಂಬ ಒಂದು ರಾಜ್ಯವಿತ್ತು. ಅದರ ಅಂಚಿನ ಗುಡ್ಡದಲ್ಲಿ ಒಣಗಣ್ಣನೆಂಬ ಮಾಂತ್ರಿಕನಿದ್ದ. ಅವನ ಹುಲ್ಲುಗಾವಲಿಗೆ ಕಾಲಿಟ್ಟವರು ಹಿಂದಿರುಗುತ್ತಿರಲಿಲ್ಲ. ರಾಜ ಸೈನ್ಯ ಕಳಿಸಿದ. ಕುದುರೆಗಳಷ್ಟೇ ವಾಪಸು ಬಂದವು. ಆಮೇಲೆ ರಾಜ ಆ ದಿಕ್ಕಿನ ಕಿಟಕಿಯನ್ನೇ ಮುಚ್ಚಿಸಿದ. ರಾಜರ ಧೈರ್ಯ ಅಷ್ಟೇ.

ಪೊರಕೆ ಕಟ್ಟುವ ಮಾಳವ್ವನ ಗುಡಿಸಲಿಗೆ ಮುಚ್ಚಲು ಕಿಟಕಿಯೇ ಇರಲಿಲ್ಲ. ಪೊರಕೆಗೆ ಬೇಕಾದ ಹಂಚಿಕಡ್ಡಿ ಕೊಯ್ಯಲು ಆ ಗುಡ್ಡಕ್ಕೆ ಹೋದ ಅವಳ ತಂಗಿ ಚೆನ್ನಿ ಮೂರು ದಿನವಾದರೂ ಬರಲಿಲ್ಲ. ತಾಯಿಯಿಲ್ಲದ ಆ ಮಗುವನ್ನು ಸಾಕಿದ್ದು ಮಾಳವ್ವ. ಅದರ ಎಡಗೈಯ ಕಿರುಬೆರಳು ಕಡಿದದ್ದೂ ಮಾಳವ್ವನ ಕುಡುಗೋಲೇ. ಹುಲ್ಲಿಗೆ ಕುಡುಗೋಲು ಹಾಕುವ ಮುಂಚೆ ಕೂಗಿ ಹೇಳಿ, ಒಳಗಿನ ಹುಳಹುಪ್ಪಟೆ ಎದ್ದುಹೋಗುವ ತನಕ ಕಾಯುವುದು ಆ ರಾಜ್ಯದ ಪದ್ಧತಿ. ಒಂದು ದಿನ ಮಾಳವ್ವ ಅವಸರದಲ್ಲಿ ಕೂಗಲಿಲ್ಲ. ಹುಲ್ಲಿನೊಳಗೆ ಪುಟ್ಟ ಚೆನ್ನಿ ಅಡಗಿ ಕೂತಿದ್ದಳು. ಆ ಸಂಕಟ ಮಾಳವ್ವನನ್ನು ಬಿಟ್ಟಿರಲಿಲ್ಲ.

ಮಟಮಟ ಮಧ್ಯಾಹ್ನ ಅವಳು ಗುಡ್ಡ ಹತ್ತಿದಳು. ಗಾಳಿ ಇಲ್ಲ, ಹಕ್ಕಿ ಇಲ್ಲ. ಹುಲ್ಲುಗಾವಲಿನ ನಡುವೆ ಒಣಗಣ್ಣ ಕೂತಿದ್ದ. ಕುತ್ತಿಗೆಯಿಂದ ಪಾದದವರೆಗೆ ಒಣಕಡ್ಡಿಯ ನಿಲುವಂಗಿ.

"ನನ್ನ ತಂಗಿ ಎಲ್ಲಿ?"

"ಇಲ್ಲೇ ಇದಾಳಲ್ಲ ತಾಯಿ. ಸರಿಯಾಗಿ ನೋಡು."

ಮಾಳವ್ವ ಬಗ್ಗಿ ನೋಡಿದಳು. ಕಡ್ಡಿಯೆಂದುಕೊಂಡದ್ದು ಕಡ್ಡಿಯಲ್ಲ, ಪತಂಗ. ನೂಲಿನಂಥ ಮೈ, ಮುಳ್ಳಿರುವ ಉದ್ದ ಕಾಲು. ರೆಕ್ಕೆಗಳನ್ನು ಸುತ್ತಿಕೊಂಡು ಎರಡು ಕಡೆಗೂ ಚಾಚಿ, ಕೈ ಅಗಲಿಸಿ ನಿಂತ ಮನುಷ್ಯರ ಹಾಗೆ ಕೂತಿದ್ದವು. ಹುಲ್ಲಿನ ಎಸಳಿಗೊಂದರಂತೆ, ಗುಡ್ಡದ ತುಂಬ.

"ಮೂರು ಸಲ ಮುಟ್ಟಬಹುದು," ಎಂದ ಒಣಗಣ್ಣ. "ತಂಗೀನ ಮುಟ್ಟಿದರೆ ಎಲ್ಲರನ್ನೂ ಬಿಡ್ತೀನಿ. ತಪ್ಪಿದರೆ ನೀನೂ ಇಲ್ಲೇ."

ತೆಳ್ಳಗಿದ್ದ ಒಂದನ್ನು ಮಾಳವ್ವ ಮುಟ್ಟಿದಳು. ಅದು ಚೆನ್ನಿಯಲ್ಲ. ಮಾಳವ್ವನ ಎಡಗೈ ನೋವಿಲ್ಲದೆ ಸೀಳಿ ಗರಿಯಾಯಿತು. ನೋವಿಲ್ಲದ್ದೇ ಅವಳಿಗೆ ಹೆಚ್ಚು ಭಯ ತಂದಿತು.

ನಡುಗುತ್ತಿದ್ದ ಒಂದನ್ನು ಮುಟ್ಟಿದಳು. ಅದೂ ಚೆನ್ನಿಯಲ್ಲ. ಬಲಗೈಯೂ ಗರಿಯಾಯಿತು.

"ಇನ್ನೊಂದು ಸಲ ಉಂಟು. ಕೈಯೇ ಇಲ್ಲವಲ್ಲ, ಹೇಗೆ ಮುಟ್ಟುತ್ತೀ?" ಎಂದು ಒಣಗಣ್ಣ ನಕ್ಕ.

ಮಾಳವ್ವನಿಗೆ ಅಳು ಬಂತು. ಕಣ್ಣೊರೆಸಿಕೊಳ್ಳಲು ಗರಿ ಎತ್ತಿದಾಗ ಅವಳು ಅದನ್ನು ಕಂಡಳು. ಒಂದೊಂದು ಕೈಯಿದ್ದ ಕಡೆ ಎರಡೆರಡು ರೆಕ್ಕೆ: ಮುಂದಿನದು ಎರಡಾಗಿ ಸೀಳಿದೆ, ಹಿಂದಿನದು ಮೂರಾಗಿ. ಐದು ಬೆರಳಿಗೆ ಐದು ಗರಿ. ಹಾಗಾದರೆ ಚೆನ್ನಿಯ ಎಡಗಡೆ ನಾಲ್ಕೇ ಇರಬೇಕು.

ಆದರೆ ಸುತ್ತಿಕೊಂಡ ರೆಕ್ಕೆಯಲ್ಲಿ ಗರಿ ಕಾಣುವುದು ಹೇಗೆ? ಕೈ ಹೋಗಿತ್ತು, ಬಾಯಿ ಉಳಿದಿತ್ತು. ಮಾಳವ್ವ ಗಂಟಲು ಹರಿಯುವಂತೆ ಕೂಗಿದಳು.

"ಇದ್ದೋರು ಏಳ್ರಪ್ಪೋ, ಕುಡುಗೋಲು ಬಂತು!"

ಆ ಕೂಗು ಕೇಳದೆ ಬೆಳೆದವರು ಆ ರಾಜ್ಯದಲ್ಲಿ ಯಾರೂ ಇರಲಿಲ್ಲ. ಗುಡ್ಡಕ್ಕೆ ಗುಡ್ಡವೇ ನಡುಗಿತು. ಸಾವಿರಾರು ರೆಕ್ಕೆಗಳು ಒಟ್ಟಿಗೆ ಬಿಚ್ಚಿಕೊಂಡವು.

"ಕೂತ್ಕೊಳ್ರೋ, ಯಾರೂ ಏಳಬೇಡಿ," ಎಂದ ಒಣಗಣ್ಣ. ಅವನ ದನಿ ಒಡೆದಿತ್ತು. ಅವನ ನಿಲುವಂಗಿಯೂ ಪತಂಗಗಳದ್ದೇ. ಅವೂ ಒಂದೊಂದಾಗಿ ಎದ್ದವು. ಎದ್ದ ಜಾಗದಲ್ಲಿ ಎದೆಯಿಲ್ಲ, ಹೊಟ್ಟೆಯಿಲ್ಲ. ಕೊನೆಗೆ ಗಾಳಿಯಲ್ಲಿ ಎರಡು ಒಣಕಣ್ಣು ಮಾತ್ರ ತೇಲುತ್ತ ಮಾಳವ್ವನನ್ನೇ ನೋಡುತ್ತಿದ್ದವು.

ಅವಳು ಹೆದರಿ ಕಣ್ಣು ಮುಚ್ಚಲಿಲ್ಲ. ಹಾರುವ ರೆಕ್ಕೆಗಳನ್ನೇ ನೋಡಿದಳು. ಎಡಕ್ಕೆ ವಾಲುತ್ತ ಒಂದು ಪತಂಗ ಬಂತು. ಬಲಗಡೆ ಐದು ಗರಿ, ಎಡಗಡೆ ನಾಲ್ಕು. ಮಾಳವ್ವ ಅದಕ್ಕೆ ತನ್ನ ಹಣೆ ತಾಗಿಸಿದಳು.

ಆ ಎರಡು ಕಣ್ಣುಗಳು ಒಣಗಿದ ಕಾಯಿಗಳಂತೆ ಕೆಳಗೆ ಬಿದ್ದು ಒಡೆದವು. ಗುಡ್ಡದ ತುಂಬ ಮನುಷ್ಯರು ಎದ್ದು ನಿಂತರು. ಸೈನಿಕರು ತಮ್ಮ ಕುದುರೆ ಎಲ್ಲಿ ಎಂದು ಹುಡುಕಿದರು. ಮಾಳವ್ವನ ಕೈಗಳು ಮರಳಿದವು. ಮೊದಲು ಅವಳು ಹಿಡಿದದ್ದು ತಂಗಿಯ ಎಡಗೈಯನ್ನು.

"ಅವತ್ತು ನಾನು ಕೂಗಲಿಲ್ಲ ಕಣೇ," ಎಂದು ಬಿಕ್ಕಿದಳು.

"ಇವತ್ತು ಕೂಗಿದೆಯಲ್ಲ, ಬಿಡಕ್ಕ," ಎಂದಳು ಚೆನ್ನಿ.

ರಾಜ ಕಿಟಕಿ ತೆರೆಸಿದ. ಸೋಗೆಪುರದವರು ಉಂಡು ಉಟ್ಟು ನೂರು ವರ್ಷ ಸುಖವಾಗಿ ಬಾಳಿದರು. ಆದರೂ ಹುಲ್ಲಿನ ಮುಂದೆ ನಿಂತರೆ ಅವರು ಒಂದು ಸಲವಲ್ಲ, ಎರಡು ಸಲ ಕೂಗುತ್ತಿದ್ದರು. ಒಣಕಡ್ಡಿಯೊಂದು ಎದ್ದು ಹಾರಿದರೆ ಕುಡುಗೋಲು ಕೆಳಗಿಟ್ಟು, ಅದು ಕಣ್ಮರೆಯಾಗುವ ತನಕ ಸುಮ್ಮನೆ ನಿಲ್ಲುತ್ತಿದ್ದರು.