ಎಡಗೈ ಸಹಿ

ಗುಮಾಸ್ತನಿಗೆ ಮಾಡಲು ಕೆಲಸವಿರಲಿಲ್ಲ. ದೊಡ್ಡ ಬಂದರು ಬರುತ್ತದೆಂದು ನಂಬಿ ಕಡಲ ದಂಡೆಯಲ್ಲಿ ಬ್ಯಾಂಕು ಒಂದು ಶಾಖೆ ತೆರೆದಿತ್ತು. ಬಂದರು ಬರಲಿಲ್ಲ. ಗುಮಾಸ್ತ, ಮ್ಯಾನೇಜರು, ಕಾವಲುಗಾರ, ಮೂವರೂ ಸರದಿಯ ಮೇಲೆ ನೊಣ ಹೊಡೆಯುತ್ತಿದ್ದರು. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನಕ್ಕೆ ಮತ್ತೆ ಮರಳು ಕೂತಿರುತ್ತಿತ್ತು.

ಶನಿವಾರ ಮಾತ್ರ ಅವಳು ಬರುತ್ತಿದ್ದಳು, ದೋಣಿ ಎಂಜಿನ್ ರಿಪೇರಿ ಮಾಡುವವಳು. ಶಾಖೆ ಶುರುವಾದ ದಿನ ಮ್ಯಾನೇಜರೇ ಅವಳ ಶೆಡ್ಡಿಗೆ ಹೋಗಿ, "ಮೊದಲ ಖಾತೆ ನಿಂದೇ ಆಗ್ಲಿ ಕಣಮ್ಮ" ಎಂದು ಕರೆತಂದಿದ್ದರು. ಅಂದು ಎಂಜಿನ್ ಬೆಲ್ಟಿಗೆ ಸಿಕ್ಕಿ ಅವಳ ಬಲಗೈ ಬ್ಯಾಂಡೇಜಿನಲ್ಲಿತ್ತು. ಎಡಗೈಯಲ್ಲಿ ಸಹಿ ಹಾಕಿದಳು. ಬಲಗೈ ವಾಸಿಯಾಯಿತು, ಆದರೆ ಬ್ಯಾಂಕಿನ ಕಾರ್ಡಿನಲ್ಲಿ ಆ ಸೊಟ್ಟ ಸಹಿಯೇ ಉಳಿಯಿತು. ಹಣ ತೆಗೆಯಬೇಕಾದರೆ ಅದೇ ಬೇಕು.

"ತಾಳೆ ಆಗ್ತಿಲ್ಲ ಮೇಡಂ," ಎನ್ನುತ್ತಿದ್ದ ಗುಮಾಸ್ತ.

"ಯಾವ ಅಕ್ಷರ?"

"ಕೊನೇದು. ಕಾರ್ಡಲ್ಲಿ ಬಾಲ ಎದ್ದಿದೆ. ಇಲ್ಲಿ ಮಲಗಿದೆ."

"ವಾರವೆಲ್ಲ ದುಡಿದಿದೆ ಸಾರ್, ಮಲಗ್ಲಿ ಬಿಡಿ."

ನಾಲಿಗೆಯ ತುದಿ ಕಚ್ಚಿ, ತಲೆ ಓರೆ ಮಾಡಿ ಮತ್ತೆ ಬರೆಯುವಳು. ಗ್ರೀಸ್ ಮೆತ್ತಿದ ಕೂದಲೆಳೆಯೊಂದು ಹಣೆಯಿಂದ ಜಾರಿ ಪೆನ್ನಿನ ಜೊತೆ ಅಲ್ಲಾಡುವುದು. ಫಕ್ಕನೆ ಕಣ್ಣೆತ್ತಿದಳೋ, ಗುಮಾಸ್ತ ಇಂಕ್ ಪ್ಯಾಡು ಬಿಟ್ಟು ಮೇಜಿಗೆ ಸೀಲು ಒತ್ತುವನು. ಮೂರು ಸಲ ಬರೆಸುತ್ತಿದ್ದ, ಕೆಲವೊಮ್ಮೆ ಐದು.

ಸಹಿ ಬದಲಿಸಲು ಒಂದು ಫಾರಂ ಇತ್ತು. ಎರಡು ನಿಮಿಷದ ಕೆಲಸ. ಅದನ್ನವನು ಡ್ರಾಯರಿನ ತಳಕ್ಕೆ ಸೇರಿಸಿದ್ದ.

ಹದಿಮೂರನೇ ತಿಂಗಳಲ್ಲಿ ಆದೇಶ ಬಂತು. ಶಾಖೆ ಮುಚ್ಚಬೇಕು, ಖಾತೆಗಳು ಪಟ್ಟಣಕ್ಕೆ, ಗುಮಾಸ್ತ ಅದಕ್ಕೂ ಆಚೆ ಅರ್ಧ ದಿನ ಬಸ್ಸಿನ ದೂರಕ್ಕೆ. ಪಟ್ಟಣದ ಕೌಂಟರಿನಲ್ಲಿ ಐದು ಸಲ ಬರೆಸಿಕೊಳ್ಳುವ ಪುರುಸೊತ್ತು ಯಾರಿಗಿದೆ? ಅವಳ ದುಡ್ಡು ಅಲ್ಲೇ ಸಿಕ್ಕಿಬೀಳುತ್ತದೆ. ಫಾರಂ ಕೊಡಲೇಬೇಕು. ಕೊಟ್ಟರೆ ಇಷ್ಟು ದಿನದ ಕಳ್ಳತನ ಬಯಲಾಗುತ್ತದೆ, ಅವಳು ಮತ್ತೆ ಮುಖ ನೋಡಲಿಕ್ಕಿಲ್ಲ.

ಆ ಸಂಜೆ ಮೊದಲ ಬಾರಿಗೆ ಶೆಡ್ಡಿಗೆ ಹೋದ. ಅವಳು ಎಂಜಿನ್ ಬಿಚ್ಚಿ ಕೂತಿದ್ದಳು. ಶಾಖೆ ಮುಚ್ಚುವುದನ್ನೂ ತನ್ನ ವರ್ಗಾವಣೆಯನ್ನೂ ಹೇಳಿ ಫಾರಂ ಕೊಟ್ಟ. ಅವಳು ಓದಿದಳು.

"ಇದು ಯಾವಾಗಿಂದ ಇದೆ?"

"ಮೊದಲಿಂದ್ಲೂ."

ಅವಳು ನಗಲಿಲ್ಲ. "ನೀವಲ್ಲಿ ಬಾಲ ಎದ್ದಿದೆ, ಮಲಗಿದೆ ಅಂತ ಕೂತಿದ್ರಿ. ಇಲ್ಲಿ ಜನ ದೋಣಿ ನಿಲ್ಲಿಸ್ಕೊಂಡು ನನ್ನ ದಾರಿ ಕಾಯ್ತಿದ್ರು. ಬೈಸ್ಕೊಂಡಿದ್ದು ನಾನು."

"ತಪ್ಪಾಯ್ತು."

"ಯಾಕೆ ಮಾಡಿದ್ರಿ?"

"ಫಾರಂ ಕೊಟ್ಟಿದ್ರೆ ಎರಡು ನಿಮಿಷದಲ್ಲಿ ಹೋಗ್ಬಿಡ್ತಿದ್ರಿ." ನೆಲದ ಮೇಲೆ ಹರಡಿದ್ದ ಸ್ಪ್ಯಾನರುಗಳನ್ನು ನೋಡುತ್ತ ಹೇಳಿದ. "ನನಗೆ ಎರಡು ನಿಮಿಷ ಸಾಲ್ತಿರ್ಲಿಲ್ಲ."

ಅವಳು ಅವನನ್ನು ನೋಡಿದಳು. ಅವನ ಕಿವಿ ಕೆಂಪಾಗುವವರೆಗೂ ನೋಡಿದಳು.

"ನಿಮ್ಮ ತಲೆಗಿಷ್ಟು. ಬ್ಯಾಂಕು ಐದಕ್ಕೆ ಮುಚ್ಚುತ್ತೆ, ಶೆಡ್ಡು ಏಳರ ತನಕ ತೆಗೆದಿರುತ್ತೆ. ಬಂದು ಒಂದು ಸ್ಪ್ಯಾನರ್ ಹಿಡ್ಕೊಂಡಿದ್ರೆ ದಿನಾ ಎರಡು ಗಂಟೆ ಮಾತಾಡ್ಬಹುದಿತ್ತು. ನಾನೇನು ಬೇಡ ಅಂತಿದ್ನಾ?"

"ಹೊಳೀಲಿಲ್ಲ."

"ಆ ಹನ್ನೆರಡನೇ ನಂಬರ್ ಕೊಡಿ."

ಕೊಟ್ಟ.

"ಇದು ಹದಿನಾಲ್ಕು." ಈಗ ನಕ್ಕಳು.

ಒಳಗಿನಿಂದ ಅವಳ ಅಪ್ಪ ಕೇಳಿದರು. "ಯಾರಮ್ಮ ಅದು?"

"ಹೊಸ ಕೆಲಸದವ್ರು ಅಪ್ಪ. ಏನೂ ಬರಲ್ಲ." ಆಮೇಲೆ ದನಿ ತಗ್ಗಿಸಿ, "ಭಾನುವಾರ ಬರ್ತೀರಾ?" ಎಂದಳು.

"ಎಲ್ಲಾ ಭಾನುವಾರ."

"ಬಸ್ ಚಾರ್ಜ್ ಕೇಳ್ಕೊಂಡು ಮಾತಾಡಿ."

"ಕೇಳ್ಕೊಂಡೇ ಬಂದೆ."

ಮುಂದಿನ ವಾರ ಶಾಖೆ ಮುಚ್ಚಿತು. ಬ್ಯಾಂಕು ಕಳೆದುಕೊಂಡದ್ದು ಉಪ್ಪುಗಾಳಿಗೆ ತುಕ್ಕು ಹಿಡಿದ ಒಂದು ಕಪಾಟು, ಎರಡು ಫ್ಯಾನು. ಅವರಿಬ್ಬರು ಕಳೆದುಕೊಂಡದ್ದು, ಭಾನುವಾರಗಳನ್ನು ಬಿಟ್ಟು, ಮುನ್ನೂರ ಮೂವತ್ತೊಂಬತ್ತು ಸಂಜೆ.