ಹದಿನೈದು ಪಾಯಿಂಟಿನ ಸುಳ್ಳು

"ಗಾಬರಿ ಆಗ್ಬೇಡಿ ಮೇಡಂ. ಒಳಗೆ ಯಾವ ಬಟನ್ನೂ ಒತ್ಬೇಡಿ. ಬಾಗಿಲಿಗೆ ಒರಗ್ಬೇಡಿ. ನಿಯಮ ಅಂದ್ರೆ ನಿಯಮ."

ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿದ್ದ ಲಿಫ್ಟಿನೊಳಗೆ ಅವಳ ಎದೆ ಧಸಕ್ಕೆಂದಿತು. ಲಿಫ್ಟ್ ನಿಂತದ್ದಕ್ಕಲ್ಲ... ರಿಪೇರಿಗೆ ಬಂದವನ ಆ ದನಿಗೆ!

ನಿಯಮ ಅಂದ್ರೆ ನಿಯಮ. ಇದನ್ನು ಇಷ್ಟು ಗಂಭೀರವಾಗಿ ಹೇಳುವ ಪ್ರಾಣಿ ಜಗತ್ತಿನಲ್ಲಿ ಒಂದೇ ಒಂದು. ಗೆಳೆಯರೆಲ್ಲ ಸೇರಿ 'ಕಾಯ್ದೆ' ಅಂತ ಹೆಸರಿಟ್ಟಿದ್ದ ಹುಡುಗ!

'ದೇವರೇ, ಇವತ್ತೇ ಆಗ್ಬೇಕಿತ್ತಾ ಇದು?'

ಇವತ್ತು ಅವಳ ಕೆಲಸದ ಕೊನೆಯ ದಿನ. ಮೇಲಿನ ಮಹಡಿಯ ಲ್ಯಾಬಿನಲ್ಲಿ ಕೂತು ಊರಿನ ಅಜ್ಜ ಅಜ್ಜಿಯರಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಟ್ಟವಳು, ನಾಳೆ ಬೆಳಗಿನ ರೈಲಿಗೆ ದೂರದೂರಿನ ದೊಡ್ಡ ಲ್ಯಾಬಿಗೆ ಹೊರಟಿದ್ದಳು. ಕೈಯಲ್ಲಿ ಮೇಣ ಕೆತ್ತುವ ಚಾಕು, ಬ್ರಶ್ಶುಗಳ ಡಬ್ಬಿ. ಮನಸ್ಸಿನಲ್ಲಿ, ಈ ಊರಲ್ಲಿ ತನ್ನದು ಅಂತ ಇನ್ನೇನೂ ಉಳಿದಿಲ್ಲ ಎಂಬ ಗಟ್ಟಿ ನಂಬಿಕೆ.

ಬಾಗಿಲಿನ ಮೇಲ್ಗಡೆಯ ಸಂದಿಯಲ್ಲಿ ಎರಡು ಬೂಟುಗಳು ಕಂಡವು. ಆಮೇಲೆ ಮಂಡಿ. ಆಮೇಲೆ, ನೆಲಕ್ಕೆ ಬಗ್ಗಿ ಇಣುಕಿದ ಮುಖ.

ಕಿವಿಯ ಹತ್ತಿರ ಒಂದೆರಡು ಬಿಳಿ ಕೂದಲು. ಉಳಿದದ್ದೆಲ್ಲ ಅದೇ!

"ಬಂಡೆ...?" ಅಂದ ಅವನು. ತೆರೆದ ಬಾಯಿ ತೆರೆದ ಹಾಗೇ ಇತ್ತು.

ಆ ಹೆಸರಿನಿಂದ ಅವಳನ್ನು ಯಾರಾದರೂ ಕರೆದು ಎಷ್ಟು ಕಾಲವಾಗಿತ್ತು!

*

ವರ್ಷಗಳ ಹಿಂದೆ, ಅವಳಣ್ಣನ ಬುಕ್ ಬೈಂಡಿಂಗ್ ಅಂಗಡಿಯ ಮೇಲೊಂದು ಕೋಣೆ. ಗೋಂದಿನ ವಾಸನೆ, ಕಿರುಗುಟ್ಟುವ ಫ್ಯಾನು, ಹಳೆಯ ಬಾಗಿಲೊಂದನ್ನು ಅಡ್ಡ ಹಾಕಿ ಮಾಡಿದ ಮೇಜು. ಭಾನುವಾರ ಮಧ್ಯಾಹ್ನವಾದರೆ ಸಾಕು, ಅದರ ಸುತ್ತ ಐದಾರು ಜನ ದಾಳ ಉರುಳಿಸುತ್ತಾ ಕಾಡು, ಗುಹೆ, ರಾಕ್ಷಸರ ನಡುವೆ ಕಳೆದುಹೋಗುತ್ತಿದ್ದರು. ಕಥೆ ಕಟ್ಟುವವನು ಅಣ್ಣ. ಅದರೊಳಗಿನ ಪಾತ್ರಗಳು ಇವರು; ಗೆಲುವು ಸೋಲು ದಾಳ ಬಿದ್ದ ಹಾಗೆ.

ಇಂಥ ಆಟಗಳಲ್ಲಿ ಸಾಮಾನ್ಯವಾಗಿ ನೀನು ಯೋಧ, ನೀನು ಮಾಂತ್ರಿಕ, ನೀನು ಕಳ್ಳ ಅಂತ ಮೊದಲೇ ಹಂಚಿಬಿಡುತ್ತಾರೆ. ಅಣ್ಣನಿಗೆ ಅದು ಸೇರದು.

"ಹುಟ್ಟೋಕ್ ಮುಂಚೆನೇ ಹಣೆಪಟ್ಟಿ ಯಾಕ್ರೋ? ತಗೊಳ್ಳಿ, ತಲೆಗೆ ನೂರು ಪಾಯಿಂಟ್. ಶಕ್ತಿ ಬೇಕಾ, ಮಂತ್ರ ಬೇಕಾ, ಮಾತಿನ ಚಾತುರ್ಯ ಬೇಕಾ... ಸಂತೇಲಿ ತರಕಾರಿ ಆರಿಸ್ದಂಗೆ ಆರಿಸ್ಕೊಳ್ಳಿ!"

ನೂರು ಸಾಲದಿದ್ದರೆ, ಆಟದ ನಡುವೆಯಾದರೂ ಸರಿ, ಒಂದು ದೌರ್ಬಲ್ಯ ಹೊತ್ತುಕೊಳ್ಳಬೇಕು. ಅದಕ್ಕೆ ಹೆಚ್ಚಿನ ಪಾಯಿಂಟ್ ಸಿಗುತ್ತಿತ್ತು. ಆದರೆ ಆ ಕೋಣೆಗೊಂದು ಕಟ್ಟುನಿಟ್ಟು: ದೌರ್ಬಲ್ಯ ಆಡುವವರದ್ದೇ ಆಗಿರಬೇಕು, ನಿಜವಾದದ್ದಾಗಿರಬೇಕು. ನಾಯಿ ಕಂಡರೆ ಓಡುವವನು ನಾಯಿಭಯ ಬರೆಸಿದ. ಅವಳು ಮೂಗಿನ ತುದಿಯ ಸಿಟ್ಟು ಬರೆಸಿದಳು. ಯಾರೂ ಸಾಕ್ಷಿ ಕೇಳಲಿಲ್ಲ! ಬಂದ ಪಾಯಿಂಟನ್ನೆಲ್ಲ ಶಕ್ತಿಗೇ ಸುರಿದಳು. ಅಂದಿನಿಂದ ಅವಳು 'ಬಂಡೆ'.

"ಆರೋಗ್ಯಕ್ಕೂ ಒಂದಿಷ್ಟು ಇಟ್ಕೋ," ಅಂದಿದ್ದ ಎದುರಿಗೆ ಕೂತಿದ್ದ ಕಾಯ್ದೆ. "ಒಂದ್ ಮುಳ್ಳು ಚುಚ್ಚಿದ್ರೂ ಸಾಯ್ತೀಯ."

"ನೀನಿದ್ದೀಯಲ್ಲ, ನಿಯಮ ಹೇಳಿ ಮುಳ್ಳನ್ನ ಓಡ್ಸೋಕೆ!"

ಅವನು ನಕ್ಕಿದ್ದ. ದಾಳ ಮೇಜಿನ ಅಂಚಿಗೆ ತಾಗಿದರೆ, ತನಗೆ ಲಾಭವಾಗಿದ್ದರೂ, 'ಇದು ಲೆಕ್ಕಕ್ಕಿಲ್ಲ, ಮತ್ತೆ ಹಾಕ್ತೀನಿ' ಎನ್ನುವ ಹುಡುಗ. ಅವಳು ಅವನನ್ನು ಮೆಚ್ಚಿದ್ದೇ ಅದಕ್ಕೆ. ಹೇಳಿರಲಿಲ್ಲ ಅಷ್ಟೇ.

ಕೊನೆಗೆ ಅವನಂದದ್ದೇ ಆಯಿತು. ಗುಹೆಯೊಂದರಲ್ಲಿ ವಿಷದ ಬಾಣ ತಾಗಿ ಬಂಡೆ ಕುಸಿದಳು. ವೈದ್ಯವಿದ್ಯೆ ಯಾರ ಬಳಿಯೂ ಇರಲಿಲ್ಲ. ಮುಂದಿನ ಭಾನುವಾರ ಆ ಪಾತ್ರದ ಸಾವು ಖಚಿತ. ವರ್ಷಗಟ್ಟಲೆ ಸಾಕಿದ ಪಾತ್ರ... ಅವಳು ಊಟ ಬಿಟ್ಟು ಅತ್ತಿದ್ದಳು.

ಆ ಭಾನುವಾರ ಕಾಯ್ದೆ ತಲೆ ತಗ್ಗಿಸಿಕೊಂಡೇ ಹೇಳಿದ: "ನಂದೊಂದು ಹೊಸ ದೌರ್ಬಲ್ಯ. ಬೇರೆ ಊರಲ್ಲಿ ನಿಶ್ಚಯವಾದ ಹುಡುಗಿ ಇದ್ದಾಳೆ. ಮಾತು ಕೊಟ್ಟಾಗಿದೆ. ಕರೆದ್ರೆ ಎಲ್ಲಾ ಬಿಟ್ಟು ಓಡ್ಬೇಕು."

ಕೋಣೆ ತುಂಬ ಶಿಳ್ಳೆ! ಅಣ್ಣ ಹದಿನೈದು ಪಾಯಿಂಟ್ ಕೊಟ್ಟ. ಅಷ್ಟನ್ನೂ ಹಾಕಿ ಅವನು ವೈದ್ಯವಿದ್ಯೆ ಕೊಂಡ. ಬಂಡೆ ಬದುಕಿದಳು.

ಮೇಜಿನ ಈಚೆ ಕೂತಿದ್ದ ಹುಡುಗಿ ಮಾತ್ರ ಒಳಗೊಳಗೇ ಸತ್ತುಹೋದಳು.

'ಅವನು ಸುಳ್ಳು ಹೇಳೋನಲ್ಲ...'

ಮುಂದಿನ ವಾರದಿಂದ ಕೆಲಸ ಹೆಚ್ಚು ಎಂದು ಅವಳು ಮೆಟ್ಟಿಲು ಹತ್ತಲೇ ಇಲ್ಲ. ಆಗ ಅವಳಿದ್ದ ಹಳೆಯ ಲ್ಯಾಬಿಗೇ ಅವನು ಹುಡುಕಿಕೊಂಡು ಬಂದಾಗ, ಇಲ್ಲ ಅಂತ ಹೇಳಿಸಿದಳು. ಅಯ್ಯೋ ಹುಡುಗಿ, ಬಾಯಿಬಿಟ್ಟು ಒಂದು ಮಾತು ಕೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಅಣ್ಣ ಅಂಗಡಿ ಮುಚ್ಚಿ ಬೇರೆ ಊರು ಸೇರಿದ. ಕೋಣೆಗೆ ಯಾರೋ ಬಾಡಿಗೆಗೆ ಬಂದರು. ಭಾನುವಾರಗಳು ಬರೀ ಬಟ್ಟೆ ಒಗೆಯುವ ದಿನಗಳಾದವು.

*

ಮೇಲೆ ಮೋಟರ್ ಕೋಣೆಯಲ್ಲಿ ಅವನ ಜೊತೆಯ ಹಿರಿಯ ಮೆಕ್ಯಾನಿಕ್ ಕೈಯಿಂದಲೇ ಚಕ್ರ ತಿರುಗಿಸುತ್ತಿದ್ದರು. ಲಿಫ್ಟ್ ಅಂಗುಲ ಅಂಗುಲವಾಗಿ ಮೇಲೇರುತ್ತಿತ್ತು.

"ಹೆಂಡತಿ ಚೆನ್ನಾಗಿದ್ದಾರಾ?" ಅವಳೇ ಕೇಳಿದಳು.

"ಯಾರ ಹೆಂಡತಿ?"

"ನಿನ್ ಹೆಂಡ್ತಿ ಕಣೋ! ಬೇರೆ ಊರಿನ ಹುಡುಗಿ... ಮಾತು ಕೊಟ್ಟಿದ್ಯಲ್ಲ!"

ಅವನ ಮುಖ ಬಿಳಿಚಿಕೊಂಡಿತು. "ನನಗೆ ಮದುವೆನೇ ಆಗಿಲ್ಲ. ಅದನ್ನ... ಅದನ್ನ ನೀನು ನಿಜ ಅಂದ್ಕೊಂಡ್ಯಾ?"

"ಮತ್ತೆ? ದೌರ್ಬಲ್ಯ ನಿಜವಾದದ್ದೇ ಇರ್ಬೇಕಿತ್ತಲ್ಲ!"

"ಸುಳ್ಳು ಹೇಳ್ದೆ. ಅದೊಂದೇ ಸಲ."

"ನೀನು? ಸುಳ್ಳು? ಯಾಕೆ?"

"ನೀನು ಸಾಯ್ತಿದ್ಯಲ್ಲೇ!"

"ಆಟದಲ್ಲಿ ಕಣೋ!"

"ಆಟದಲ್ಲೂ ನನಗೆ ನೋಡೋಕಾಗ್ಲಿಲ್ಲ."

ಅವಳು ಡಬ್ಬಿಯನ್ನು ಎದೆಗವಚಿಕೊಂಡಳು.

"ವೈದ್ಯವಿದ್ಯೆಗೆ ಹದಿನೈದು ಬೇಕಿತ್ತು," ಅವನು ತಡವರಿಸುತ್ತಲೇ ಹೇಳಿದ. "ಅಷ್ಟು ಬೆಲೆಯ ದೌರ್ಬಲ್ಯ ನನ್ನ ಹತ್ರ ಇರ್ಲಿಲ್ಲ. ಬಾಯಿಗೆ ಬಂದದ್ದು ಹೇಳ್ದೆ. ಸುಳ್ಳು ಅಂತ ಒಪ್ಕೊಂಡಿದ್ರೆ ಪಾಯಿಂಟ್ ವಾಪಸ್ ಹೋಗ್ತಿತ್ತು, ನೀನೂ ಹೋಗ್ತಿದ್ದೆ. ಗುಹೆ ದಾಟಿದ್ಮೇಲೆ ಹೇಳೋಣ ಅಂತಿದ್ದೆ... ಅಷ್ಟ್ರಲ್ಲಿ ನೀನೇ ಬರೋದು ಬಿಟ್ಟೆ. ನನ್ನ ಕಂಡ್ರೆ ಬೇಜಾರೇನೋ ಅಂದ್ಕೊಂಡೆ."

ಅವಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಉಕ್ಕಿದವು.

"ದಡ್ಡ! ಸಾಯೋಕೆ ಬಿಡ್ಬೇಕಿತ್ತು ಕಣೋ! ಇನ್ನೊಂದ್ ನೂರು ಪಾಯಿಂಟ್ ತಗೊಂಡು ಇನ್ನೊಬ್ಬ ಬಂಡೇನ ಮಾಡ್ಕೋತಿದ್ದೆ. ನಿನ್ನಂಥೋನನ್ನ ಎಲ್ಲಿಂದ ಕೊಂಡ್ಕೊಂಡ್ ಬರ್ಲಿ?"

ಹೇಳಿದ ಮೇಲೆ ಅವಳೇ ಬೆಚ್ಚಿದಳು. ಇಷ್ಟು ವರ್ಷ ನುಂಗಿಕೊಂಡಿದ್ದ ಮಾತು ಹೊರಗೆ ಬಿದ್ದಿತ್ತು!

"ಬಂತೇನಯ್ಯಾ?" ಮೇಲಿನಿಂದ ಹಿರಿಯರು ಕೂಗಿದರು.

"ಇನ್ನೂ ಸ್ವಲ್ಪ, ನಿಧಾನಕ್ಕೆ ತಿರುಗ್ಸಿ ಸಾರ್!" ಅಂದವನು ಅವಳತ್ತ ತಿರುಗಿದ. ಕಣ್ಣು ತುಂಬಿತ್ತು. "ಅದೇನೋ ಹೇಳಿದ್ಯಲ್ಲ... ಇನ್ನೊಂದ್ಸಲ ಹೇಳು."

"ಹೋಗೋ!"

ನೆಲಕ್ಕೆ ನೆಲ ಸೇರಿತು. ಬಾಗಿಲು ತೆರೆಯಿತು. ಅವನ ಕಣ್ಣು ಅವಳ ಕೈಯಲ್ಲಿದ್ದ ಡಬ್ಬಿಯ ಮೇಲೆ ಬಿತ್ತು.

"ನಾಳೆ ಬೆಳಗ್ಗೆ ರೈಲು," ಅಂದಳು ಅವಳು. "ಈ ಊರು ಬಿಟ್ಟು ಹೋಗ್ತಿದ್ದೀನಿ."

ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಸುಮ್ಮನೆ ತಿರುವುತ್ತಾ ನಿಂತ.

'ಈ ಸಲ ಕೇಳದೆ ಹೋಗಲ್ಲ ನಾನು...'

"ಬರ್ತೀಯಾ ನನ್ ಜೊತೆ?"

"ನಾಳೆ ಆಗಲ್ಲ."

ಅವಳ ಮುಖ ಬಾಡಿತು.

"ಒಂದು ತಿಂಗಳು ಮುಂಚೆ ನೋಟಿಸ್ ಕೊಡ್ಬೇಕು. ಇವತ್ತೇ ಕೊಡ್ತೀನಿ. ಕಂಪನಿ ನಿಯಮ."

ಅವಳು ಅಳುತ್ತಲೇ ನಕ್ಕುಬಿಟ್ಟಳು. "ಇಷ್ಟಾದ್ರೂ ನಿಯಮಾನಾ ನಿಂಗೆ?"

"ಒಂದ್ಸಲ ಮುರಿದಿದ್ದಕ್ಕೆ ಇಷ್ಟು ವರ್ಷ ನಿನ್ನ ಕಳ್ಕೊಂಡೆ. ಇನ್ನು ಸಾಕು."

ಅವನು ಕೈ ಚಾಚಿದ. ಗ್ರೀಸು ಮೆತ್ತಿದ ಆ ಕೈಯನ್ನು ಅವಳು ಗಟ್ಟಿಯಾಗಿ ಹಿಡಿದು ಹೊರಗೆ ಕಾಲಿಟ್ಟಳು.

"ಆ ಊರಲ್ಲೂ ಲಿಫ್ಟ್ ಕೆಡುತ್ತೆ ತಾನೇ?" ಅವನು ಮೆಲ್ಲಗೆ ಕೇಳಿದ.

"ಕೆಡದಿದ್ರೆ ನಾನೇ ಕೆಡಿಸಿ ಇಡ್ತೀನಿ. ನೀನು ಬಾ."